ಹಿಡಿ, ಹೊಡಿ

ಬರಿಯೂದ್ರಾಗ ಒಂದ ಗುಡಿಸಿನಷ್ಟ ಫರಕು:
ಹಿಡಿ. ಹೊಡಿ.
ಮುಧೋಳದಾಗ ಅದು ಒಂದ ಗಟಾರದ ಫರಕು.

ಈ ಕಡೆ ಗಿರಿಮಲ್ಲ ವಸ್ತಾದಿಯ ಗರಡಿ.
ತಲಿ ಬಗ್ಗಿಸಿದ್ರಷ್ಟ ಒಳಗ ಬಿಡೂ ಬಾಗಲಾ,
ಎಣ್ಣಿ ಮಜ್ಜಿಗಿ ಅರಿಷಿಣ ಕುಡದ ಕೆಮ್ಮಣ್ಣು,
ಮೂಲ್ಯಾಗ ಕರಲಾಕಟ್ಟಿ,
ಬೆವರಿನ ಉಗಿಗೆ ಮಬ್ಬಾದ ಗಾಜಿನ ಹಿಂದ ಹನಮಪ್ಪ.
ಆ ಕಡೆ ಮುಚ್ಚಿಹೋದ ಜಿನ್ನಿನ ಅಂಗಳ.
ಹವಾಲ್ದಾರ ಪುಂಡಲೀಕ ಬಡಿಗೇರ
ಬೇವಿನ ಟೊಂಗಿಗೆ ತೂಗಹಾಕಿದ ಸಕ್ಕರಿ ಚೀಲ,
ಒಳಗ ಗೊಂಜಾಳದ ಸಿಪ್ಪಿ, ಹೆಂಡತಿಯ ಹರಕ ಪತ್ತಲ.
ಬೆಳಗಾವಿ ಪಲ್ಟನ್ನಿನ್ಯಾಗ ಕಲತ ಬಾಕ್ಸಿಂಗು.

ಇಬ್ಬರ ನಡುವ ಹನ್ನೊಂದ ವರ್ಷದಿಂದ ಮಾತಿಲ್ಲ.
"ಗುದ್ದೂದು ಕುಡುಕರ ವಿದ್ಯಾ" ಅಂತಾನ ಇವ.
"ಮಣ್ಣಾಗ ಹೊಳ್ಳ್ಯಾಡೂದು ಎಮ್ಮಿ ಕೆಲಸ" ಅಂತಾನ ಅವ.
ನಾನು ಸಾವಂತ್ರಿ, ಗಿರಣಿ ಕಲ್ಲವ್ವನ ಮಗಳು,
ನಸಿಕಿನ್ಯಾಗ ಇಲ್ಲಿ, ಸಂಜಿಕ ಅಲ್ಲಿ.
ಗಟಾರ ಜಿಗಿಯೂದಷ್ಟ ನಾನ ಕಲತಿದ್ದು.

ಮೈ ಚಾಡಿ ಹೇಳತೈತಿ.
ಕಿವಿ ಹಿಂದಿನ ಕೆಮ್ಮಣ್ಣ ನೋಡಿ ಹವಾಲ್ದಾರ ಮೂಗ ಮುರದ.
ಸುಲದ ಗೆಣ್ಣ ನೋಡಿ ವಸ್ತಾದಿ
ಎರಡ ದಿನ ನನಗ ಜೋಡಿ ಕೊಡಲಿಲ್ಲ,
ಗುದ್ದಲಿ ಕೊಟ್ಟು ಬರೇ ಮಣ್ಣ ಅಗಿಸಿದ.

ಅಗಕೋತ ನೆನಪಾದ, ಜಮಖಂಡಿಯ ಲಕ್ಕಪ್ಪ ಪೈಲ್ವಾನ.
ಇಪ್ಪತ್ತೆರಡ ಕುಸ್ತಿ, ಬೆನ್ನಿಗೆ ಮಣ್ಣ ಹತ್ತಿಲ್ಲ.
ಒಂದ ರಾತ್ರಿ ಬಸ್‌ಸ್ಟ್ಯಾಂಡಿನ ಕತ್ತಲದಾಗ
ಗದ್ದಕ್ಕ ಬಿತ್ತು ಒಂದ. ಒಂದ.
ಹಿಡಿಯಾಕಂತ ಚಾಚಿದ ಎರಡೂ ಕೈಯಾಗ
ಗಾಳಿ ಸಿಕ್ತು.
ಬಡದವನ ಮಾರಿ ಸುದ್ದಾ ನೋಡಲಿಲ್ಲ ಅಂವ.

ಮತ್ತ ನಮ್ಮ ಜಿನ್ನಿನ ಅಂಗಳದ ರೆಹಮತ್,
ಕೈ ಅಂದ್ರ ಕೈ ಕಾಣೂದಿಲ್ಲ, ಸಪ್ಪಳಷ್ಟ.
ಹೋದ ಸೋಮವಾರ ಎರಡ ಗುದ್ದ ತಿಂದು
ಮೂಗಿನ ರಕ್ತ ನುಂಗಿ ಒಳಗ ನುಗ್ಗಿದೆ, ನಡಾ ತಬ್ಬಿದೆ.
ಅವನ ಮುಷ್ಟಿ ನನ್ನ ಬೆನ್ನ ಮ್ಯಾಲ
ಸಂತ್ಯಾಗ ಅವ್ವನ ಸೆರಗ ಬಿಟ್ಟ ಹುಡುಗನಂಗ
ತಿರಗ್ಯಾಡಿದವು.

ಗುದ್ದಿಗೆ ಒಂದ ತೋಳಿನಷ್ಟ ಬಯಲ ಬೇಕು.
ಪಟ್ಟಿಗೆ ಆ ಬಯಲ ಇರಬಾರದು.
ಬರೂ ವೈರಿ ಮಾತ್ರ
ನೀ ಯಾವ ಸಾಲಿ ಕಲತೀ ಅಂತ ಕೇಳಿ ನಿಂದ್ರೂದಿಲ್ಲ.

ನಮ್ಮ ಮಾತಿನ್ಯಾಗ ಮೊದಲ ಇತ್ತಿದು:
ಕೈ ಮಾಡೂದು ಅಂದ್ರ ಬಡಿಯೂದು,
ಕೈ ಹಿಡಿಯೂದು ಅಂದ್ರ ಬಿಡದಿರೂದು,
ಒಂದನ್ನಷ್ಟ ಕಲತವಗ
ತನ್ನ ಕೈ ತನಗ ಕೈ ಕೊಡತೈತಿ.

ಮೂರನೇ ದಿನ ಎಲ್ಲಾರೂ ಹೋದ ಮ್ಯಾಲ
ವಸ್ತಾದಿ ಬಾಗಲಾ ಮುಂದ ಮಾಡಿದ.
"ಹೆಂಗ ಬರತೈತಿ ಅದು? ತೋರಸು."

ಅರವತ್ತೆಂಟ ವರ್ಷ.
ಹುರದ ಹಪ್ಪಳದಂಗ ಮುದುಡಿದ ಕಿವಿ.
ಹೋರಿಯಂಥ ಮಂದಿ ಮ್ಯಾಲ ಬಂದಾಗ ರೆಪ್ಪಿ ಬಡೀದಂವ
ನನ್ನ ಮುಷ್ಟಿ ಮೂಗಿನಿಂದ ಬೆರಳ ದೂರದಾಗ ನಿಂತಾಗ
ಎರಡೂ ಕಣ್ಣ ಗಟ್ಟಿ ಮುಚ್ಚಿದ್ದ,
ಎರಕೊಳ್ಳಾಕ ಕುಂತ ಕೂಸಿನಂಗ.
ನಾ ಆ ಕಡೆ ಹೊಳ್ಳಿದೆ. ಹನಮಪ್ಪನೂ ನೋಡಿರಲಿಕ್ಕಿಲ್ಲ.

"ಇನ್ನೊಮ್ಮಿ."
ಮುಚ್ಚಿದ.
"ಇನ್ನೊಮ್ಮಿ."
ಆರ ಸಲ ಮುಚ್ಚಿದ.
ಏಳನೇದಕ್ಕ ಒಂದ ಕಣ್ಣ ತೆರದಿತ್ತು,
ನನ್ನ ಮಣಿಕಟ್ಟ ಅವನ ಕೈಯಾಗಿತ್ತು,
ಯಾವಾಗ ಹೋತು ಗೊತ್ತಾಗಲಿಲ್ಲ.

"ಇಲ್ಲಿಂದ ಮುಂದ ನಂಗ ಗೊತ್ತೈತಿ" ಅಂದ.
ಬಾಳೊತ್ತು ಬಿಡಲಿಲ್ಲ.
"ಇಲ್ಲಿತನಕಾ ಬರೂದ ಗೊತ್ತಿರಲಿಲ್ಲ."

ಕಂಬಕ್ಕ ಆನಕೊಂಡು ಕುಂತು, ಟಾವೆಲ್ಲಿನಿಂದ ಕುತಗಿ ಒರಸಕೊಂಡು,
ಮ್ಯಾಗಿನ ಜಂತಿಗೆ ಕೇಳಿದಂಗ ಕೇಳಿದ:
"ಆ ಮಿಲಿಟ್ರಿ ಮನಶ್ಯಾಗ ಬೀಳಾಕ ಬರತೈತೇನ?"

ಇಲ್ಲ ಅಂದೆ.

ಗುದ್ದಲಿ ನನ್ನ ಕಡೆ ಸರಿಸಿದ.
"ಹಂಗಾರ ಮಣ್ಣ
ಇನ್ನೂ ಸೊಲ್ಪ ಮೆತ್ತಗ ಮಾಡು."